ಒಂಬತ್ತನೆಯವರು ಕೀಲಿ ಕೊಟ್ಟ ದಿನ

ಮಾರ್ಚ್ 3, ಸೋಮವಾರ

ಇಪ್ಪತ್ತಮೂರನೆಯ ಕೋಚ್ ಅವರನ್ನು ಇವತ್ತು ಬೆಳಿಗ್ಗೆ ಕೆಲಸದಿಂದ ಕಳಿಸಿಬಿಟ್ಟರು. ಶನಿವಾರವಷ್ಟೇ ಮೂರು ಗೋಲಿನಿಂದ ಗೆದ್ದಿದ್ದರು. ಹತ್ತು ಗಂಟೆಗೆ ನಗುತ್ತಾ ಅಧ್ಯಕ್ಷರ ಕೋಣೆಗೆ ಹೋದವರು ಹತ್ತೂಕಾಲಿಗೆ ನನ್ನ ಮೇಜಿನ ಮುಂದೆ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ಲಿ ಸಹಿ ಹಾಕ್ಬೇಕು?"

ಕೀಲಿ ಪುಸ್ತಕ ತೆರೆದು ತೋರಿಸಿದೆ. ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮುಖ್ಯ ಕೋಚ್ ಬರುವ ದಿನ ಕೋಣೆಯ ಕೀಲಿ ಪಡೆದು ಸಹಿ ಮಾಡುತ್ತಾನೆ, ಹೋಗುವ ದಿನ ಕೀಲಿ ಕೊಟ್ಟು ಸಹಿ ಮಾಡುತ್ತಾನೆ. ತಾರೀಖು, ಗಂಟೆ, ಹೆಸರು. ನಡುವೆ ನಡೆದದ್ದೆಲ್ಲ ಬೇರೆ ಕಡತಗಳಲ್ಲಿರುತ್ತದೆ. ಅವರಿಗೆ ಗೊಂಚಲಿನಿಂದ ಕೀಲಿ ಬಿಡಿಸಲು ಆಗಲಿಲ್ಲ. ಕಾಗದ ಕತ್ತರಿಸುವ ಚಾಕು ಕೊಟ್ಟೆ.

"ಗೆದ್ದಿದ್ವಲ್ಲ ಸಾರ್," ಎಂದರು, ನಾನೇ ಕಳಿಸುತ್ತಿರುವ ಹಾಗೆ.

"ಒಂಬತ್ತನೆಯವರನ್ನೂ ಗೆದ್ದ ಮೇಲೇ ಕಳಿಸಿದ್ದು," ಎಂದೆ. ಸಮಾಧಾನಕ್ಕೆ ಹೇಳಿದ್ದು. ಅವರಿಗೆ ಹಾಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ.

ಮುಖ್ಯ ಕೋಚುಗಳನ್ನು ನಾನು ನಂಬರಿನಿಂದಲೇ ನೆನಪಿಟ್ಟುಕೊಂಡಿದ್ದೇನೆ. ಹೆಸರುಗಳಿಗೆ ಮುಖ ಅಂಟಿಕೊಂಡಿರುತ್ತದೆ. ಏಪ್ರಿಲ್ 20ಕ್ಕೆ ಕ್ಲಬ್ಬಿಗೆ ಎಪ್ಪತ್ತೈದು ತುಂಬುತ್ತದೆ. ಸ್ಮರಣ ಪುಸ್ತಕಕ್ಕೆ 'ನಮ್ಮ ಮುಖ್ಯ ತರಬೇತುದಾರರು' ಅಧ್ಯಾಯ ಬರೆಯುವುದು ನನ್ನ ಪಾಲಿಗೆ ಬಂದಿದೆ. ಮುಗಿದಿತ್ತು. ಈಗ ಕೊನೆಯ ಪುಟ ಮತ್ತೆ ಬರೆಯಬೇಕು.

ಮಾರ್ಚ್ 5, ಬುಧವಾರ

ಮೊಗಸಾಲೆಯಲ್ಲಿರುವ, ಮುಖ್ಯ ಕೋಚುಗಳ ಹೆಸರಿನ ಮರದ ಹಲಗೆಯನ್ನು ಹೊಸದಾಗಿ ಬರೆಸುತ್ತಿದ್ದೇವೆ. ಕಡತ ನೋಡಿಕೊಳ್ಳುವ ನನಗೆ ಪೇಂಟರ್ ಏಣಿಯ ಮೇಲಿಂದ ಕೂಗಿದ: "ಫೈಲ್ ಸಾರ್, ಕೊನೆಗೆ ಎಷ್ಟು ಸಾಲು? ನಾನು ಕೆಳಗಿಳಿಯೋದ್ರೊಳಗೆ ಇನ್ನೊಬ್ಬನ್ನ ಕಳಿಸಿದ್ರೆ ನನ್ನ ಕೈಲಾಗಲ್ಲ."

ಇಪ್ಪತ್ತಮೂರು ಎಂದೆ. ಹೆಸರು, ಬಂದ ದಿನ, ಹೋದ ದಿನ, ಆಡಿಸಿದ ಪಂದ್ಯಗಳು. ಹನ್ನೆರಡು ಪಂದ್ಯ ಆಡಿಸದವರು ಹಲಗೆಗೆ ಬರುವುದಿಲ್ಲ. ಮೊದಲ ಅಧ್ಯಕ್ಷರು ಹಾಕಿದ ನಿಯಮ. ಅದಕ್ಕಿಂತ ಕಡಿಮೆಯವರು ಹಂಗಾಮಿ. ಒಟ್ಟು ನಾಲ್ವರಿದ್ದಾರೆ, ಅವರಲ್ಲೊಬ್ಬರು ನನ್ನ ಭಾವ, ಅಕ್ಕನ ಗಂಡ. ಮೂವತ್ತು ವರ್ಷದ ಹಿಂದೆ ಕಿರಿಯರ ತಂಡದ ಕೋಚ್ ಆಗಿದ್ದರು. ಒಂಬತ್ತನೆಯವರು ಹೋದ ಮೇಲೆ ಹತ್ತನೆಯವರು ಬರುವ ತನಕ ಮುಖ್ಯ ತಂಡವನ್ನು ನೋಡಿಕೊಂಡರು. ಹನ್ನೊಂದು ಪಂದ್ಯ.

ಅವರು ಹನ್ನೆರಡು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವರ ಅಡ್ಡಹೆಸರೇ ಡಜನ್.

ಮಾರ್ಚ್ 9, ಭಾನುವಾರ

ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಭಾವ ಬಟಾಣಿ ಸುಲಿಯುತ್ತಾ ಕೂತಿದ್ದರು. ಎಪ್ಪತ್ತನಾಲ್ಕು ವಯಸ್ಸು. ಈಚೆಗೆ ಹೆಸರುಗಳು ಕೈ ತಪ್ಪುತ್ತಿವೆ. ಪಕ್ಕದ ಮನೆಯವರನ್ನು 'ಅದೇ ಎಡಗಡೆ ಆಟಗಾರ' ಎನ್ನುತ್ತಾರಂತೆ. ಪಂದ್ಯಗಳು ಮಾತ್ರ ಒಂದೂ ಮರೆತಿಲ್ಲ. ಮೇಜಿನ ಮೇಲೆ ಕಾಳುಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಮುಟ್ಟಿ ಹೇಳಿದರು.

"ಇದು ಮೊದಲ್ನೇದು. ಒಂದು-ಸೊನ್ನೆ ಗೆದ್ವಿ. ಎಪ್ಪತ್ತನೇ ನಿಮಿಷ, ತಲೆಯಿಂದ ಹೊಡೆದ. ಗೋಲ್‌ಕೀಪರ್ ಬಲಗೈ ಕಿರುಬೆರಳು ಮುರ್ಕೊಂಡು ಆಡ್ದ. ಇದು ಎರಡ್ನೇದು..."

ಕೊನೆಗೆ ಹನ್ನೆರಡು ಕಾಳು. ನಾನು ಮೊದಲನೆಯದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

"ಹನ್ನೊಂದು, ಭಾವ. ಮೊದಲ್ನೇದು ಒಂಬತ್ತನೆಯವರದ್ದು. ಆವತ್ತಿನ ತಂಡದ ಪಟ್ಟಿಲಿ ಅವರ ಹೆಸರು, ಅವರ ಸಹಿ ಎಲ್ಲಾ ಇದೆ."

ಅವರು ಪ್ರತಿ ಸಲದಂತೆ ನಕ್ಕರು. "ನೀನು ಬರೆದದ್ದೇ ಸರಿ ಬಿಡಯ್ಯ."

ಅಕ್ಕ ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಆ ಪಂದ್ಯ ನಿಜವಾಗ್ಲೂ ಇವರದ್ದಲ್ವೇನೋ? ಸರಿಯಾಗಿ ಹೇಳು. ಆಗದೇ ಇರೋದನ್ನ ಆಯ್ತು ಅಂತಾರಾ ಅಂತ ಡಾಕ್ಟರು ಕೇಳಿದಾರೆ."

ಪಂದ್ಯ ನಡೆದ ಆ ಶನಿವಾರವೂ ಹಿಂದಿನ ಶುಕ್ರವಾರವೂ ಅಕ್ಕ, ನಾನು ಇಬ್ಬರೂ ಬೇರೆ ಊರಿನ ಆಸ್ಪತ್ರೆಯಲ್ಲಿದ್ದೆವು, ಅಮ್ಮನ ಆಪರೇಷನ್ನಿಗೆ. ಪಂದ್ಯ ಇಬ್ಬರೂ ನೋಡಿಲ್ಲ. ಒಂಬತ್ತನೆಯವರನ್ನು ತೆಗೆದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಸೋಮವಾರ. ಗೆದ್ದವನನ್ನೂ ಕಳಿಸುವ ಕ್ಲಬ್ ಎಂದು ನಮಗೆ ಹೆಸರು ಬಂದದ್ದೇ ಆವತ್ತು.

"ಅವರದ್ದಲ್ಲ," ಎಂದೆ.

ಮಾರ್ಚ್ 14, ಶುಕ್ರವಾರ

ಡಾಕ್ಟರ ಬಳಿ ನಾನೂ ಹೋಗಿದ್ದೆ. ಭಾವನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಬರೆದರು. ಮುಳ್ಳುಗಳ ಜಾಗದಲ್ಲಿ ಗೋಲ್ ಕಂಬಗಳು. ಅಕ್ಕ ನಕ್ಕಳು, ಆಮೇಲೆ ನಗು ನಿಲ್ಲಿಸಲು ಕಷ್ಟಪಟ್ಟಳು.

ಅವರನ್ನು ಹೊರಗೆ ಕೂರಿಸಿ ಡಾಕ್ಟರು ಕೇಳಿದರು, "ನಡೆಯದೇ ಇದ್ದದ್ದನ್ನ ನಡೆದಿದೆ ಅಂತಾರಾ?"

ಅಕ್ಕ ನನ್ನನ್ನು ನೋಡಿದಳು.

"ಒಂದು ಪಂದ್ಯ," ಎಂದೆ. "ದಾಖಲೆ ನನ್ನ ಹತ್ರಾನೇ ಇದೆ."

"ವಿವರವಾಗಿ ಹೇಳ್ತಾರಾ?"

"ಯಾರ ಬೆರಳು ಮುರೀತು ಅನ್ನೋ ತನಕ."

"ಹೂಂ. ಹಾಗೇ ಇರತ್ತೆ. ಖಾಲಿ ಜಾಗನ ಮನಸ್ಸು ತುಂಬ್ಕೊಳತ್ತೆ," ಎಂದು ಬರೆದುಕೊಂಡರು. ಮಾತ್ರೆ ಬದಲಾಯಿಸಿದರು. ಇನ್ನು ಮುಂದೆ ಮನೆಯಲ್ಲಿ ಆ ಪಂದ್ಯದ ಮಾತಿಗೆ ಹೂಂಗುಟ್ಟಬಾರದು, ಮೆಲ್ಲಗೆ ತಿದ್ದಬೇಕು ಎಂದರು. ನಾನು ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ ಎಂದು ಹೇಳಲಿಲ್ಲ.

ಮಾರ್ಚ್ 17, ಸೋಮವಾರ

ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಅಧ್ಯಾಯದಲ್ಲಿ ಪ್ರತಿಯೊಬ್ಬರೂ ಬಂದ ಗಂಟೆ, ಹೋದ ಗಂಟೆ ಹಾಕಿದರೆ ಚೆನ್ನ ಎಂದು ಕಾರ್ಯದರ್ಶಿ ಹೇಳಿದ್ದರು. ನನ್ನ ಕಡತಗಳಲ್ಲಿ ತಾರೀಖು ಮಾತ್ರ ಇವೆ. ಗಂಟೆ ಇರುವುದು ಕೀಲಿ ಪುಸ್ತಕದಲ್ಲಿ. ಈಗ ಬಳಸುತ್ತಿರುವುದು ಮೂರನೆಯ ಪುಸ್ತಕ. ಮೊದಲ ಎರಡನ್ನು ಕಾವಲುಗಾರರೇ ಬರೆಯುತ್ತಿದ್ದರು. ಅವರ ಕಪಾಟಿನಲ್ಲಿದ್ದವು, ನಾನು ಎಂದೂ ತೆರೆದಿರಲಿಲ್ಲ.

ಎರಡನೆಯ ಪುಸ್ತಕ, ನಲವತ್ತೊಂದನೆಯ ಪುಟ.

ಕೀಲಿ ಕೊಟ್ಟವರು: ಒಂಬತ್ತನೆಯವರು. ನವೆಂಬರ್ 11, ಶುಕ್ರವಾರ, ಸಂಜೆ 4.10. ಸಹಿ.

ಕೀಲಿ ಪಡೆದವರು: ಭಾವ. ನವೆಂಬರ್ 11, ಶುಕ್ರವಾರ, ಸಂಜೆ 5.30. ಸಹಿ, ಅಡಿಗೆರೆ, ಅದರ ಕೆಳಗೆ ಎರಡು ಚುಕ್ಕೆ.

ಪಂದ್ಯ ನಡೆದದ್ದು ಶನಿವಾರ, 12ನೇ ತಾರೀಖು.

ಕಾವಲುಗಾರ ತಪ್ಪು ದಿನ ಬರೆದಿರಬಹುದು ಎಂದುಕೊಂಡೆ. ಹಿಂದಿನ ಸಾಲು ನೋಡಿದೆ, ಮುಂದಿನ ಸಾಲು ನೋಡಿದೆ. ತಪ್ಪಿರಲಿಲ್ಲ. ಟೀ ತಂದಿಟ್ಟವರು ಯಾವಾಗ ಹೋದರೋ. ಲೋಟ ಮುಟ್ಟಿದಾಗ ತಣ್ಣಗಿತ್ತು.

ಮಾರ್ಚ್ 18, ಮಂಗಳವಾರ

ಆ ಶನಿವಾರದ ತಂಡದ ಪಟ್ಟಿ ತೆಗೆದೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ರೆಫರಿಗೆ ಕೊಡುವ ಕಾಗದ. ಹನ್ನೊಂದು ಆಟಗಾರರ ಹೆಸರು ಕೈಬರಹದಲ್ಲಿವೆ. ಮೇಲಿನ ಭಾಗ, ಅಂದರೆ ಎದುರಾಳಿ, ದಿನಾಂಕ, ಮುಖ್ಯ ಕೋಚ್ ಹೆಸರು, ಟೈಪ್ ಆಗಿದೆ. ಒಂದು ಅಕ್ಷರ ಸಾಲಿನಿಂದ ಮೇಲಕ್ಕೆ ಹಾರಿದೆ. ಅದು ನನ್ನ ಟೈಪ್‌ರೈಟರಿನ ಗುರುತು. ಹೊಸದಾಗಿ ಸೇರಿದಾಗ ನನಗೆ ಕೊಟ್ಟಿದ್ದ ಹಳೆಯ ಯಂತ್ರ.

ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ, ಯಾರೋ ಹಿಂದಿನಿಂದ ಬೆನ್ನಿಗೆ ಗುದ್ದಿದ ಹಾಗಾಯಿತು. ಸೇರಿ ಆರು ತಿಂಗಳಾಗಿರಲಿಲ್ಲ, ಕೆಲಸ ಖಾಯಂ ಆಗಿರಲಿಲ್ಲ. ಕೆಲಸ ಕೊಡಿಸಿದ್ದು ಭಾವನೇ. ಚುರುಕಿನವನು ಅನ್ನಿಸಿಕೊಳ್ಳಲು ಇಡೀ ಋತುವಿನ ಪಟ್ಟಿಗಳನ್ನು ಮೊದಲೇ ಟೈಪ್ ಮಾಡಿ ಟ್ರೇಯಲ್ಲಿ ಜೋಡಿಸಿಟ್ಟಿದ್ದೆ, ಕೋಚ್ ಹೆಸರಿನ ಸಮೇತ. ಆಟಗಾರರ ಹೆಸರು ತುಂಬಿದರಾಯಿತು. ಎಲ್ಲರೂ ಹೊಗಳಿದ್ದರು. ಕೋಚ್ ಋತುವಿನ ನಡುವೆ ಹೋಗಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಆಗ ನಾನು ಈ ಕ್ಲಬ್ಬಿಗೆ ಅಷ್ಟು ಹೊಸಬ.

ಬಟ್ಟೆ-ಬೂಟು ನೋಡಿಕೊಳ್ಳುವವನು ಟ್ರೇಯಿಂದ ಮೇಲಿನ ಹಾಳೆ ತೆಗೆದು, ಹೆಸರು ತುಂಬಿಸಿ, ರೆಫರಿಗೆ ಕೊಟ್ಟಿರುತ್ತಾನೆ. ಆ ಒಂದು ಗಂಟೆಯ ಗಡುವು ಮೀರಿದ ಮೇಲೆ ತಿದ್ದಿದರೆ, ಇಲ್ಲವೇ ಹೆಸರಿಗೂ ಸಹಿಗೂ ತಾಳೆಯಾಗದಿದ್ದರೆ, ಪಂದ್ಯ ಎದುರಾಳಿ ಗೆದ್ದ ಹಾಗೆ. ಆಗಿನ ನಿಯಮ ಅದು. ಆ ವರ್ಷ ನಾವು ಕೆಳಗಿನ ದರ್ಜೆಗೆ ಬೀಳದೆ ಉಳಿದದ್ದು ಒಂದೇ ಅಂಕದಿಂದ.

ಒಂಬತ್ತನೆಯವರ ಸಹಿ ಇದೆ, ದೊಡ್ಡ ಸುಳಿಯೊಂದಿಗೆ. ಅವರ ಬೇರೆ ಅರವತ್ತಮೂರು ಪಟ್ಟಿಗಳನ್ನೂ ತಂದು ಪಕ್ಕಕ್ಕಿಟ್ಟುಕೊಂಡೆ. ಅವರು ಸಹಿಯ ಕೆಳಗೆ ಏನೂ ಹಾಕುತ್ತಿರಲಿಲ್ಲ. ಇದೊಂದರಲ್ಲಿ ಅಡಿಗೆರೆ ಇದೆ. ಅದರ ಕೆಳಗೆ ಎರಡು ಚುಕ್ಕೆ.

ಇಷ್ಟು ವರ್ಷ ಈ ಕಾಗದ ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಮಾರ್ಚ್ 19, ಬುಧವಾರ

ಆಫೀಸಿಗೆ ಹೋದೆ. ಬಂದೆ.

ಮಾರ್ಚ್ 20, ಗುರುವಾರ

ಅವರು ಹನ್ನೆರಡು ಎಂದದ್ದು ಮನೆಯಲ್ಲಿ ಮಾತ್ರ. ಕ್ಲಬ್ಬಿನಲ್ಲಿ ಒಂದು ದಿನವೂ ಅಲ್ಲ. ಇದನ್ನು ನಾನು ಯಾಕೆ ಗಮನಿಸಲಿಲ್ಲ?

ನೀನು ಬರೆದದ್ದೇ ಸರಿ ಬಿಡಯ್ಯ.

ಮಾರ್ಚ್ 22, ಶನಿವಾರ

ನಮ್ಮ ಮೈದಾನದಲ್ಲಿ ಪಂದ್ಯ. ಈಗ ಪಟ್ಟಿಗಳು ಕಂಪ್ಯೂಟರಿನಲ್ಲಿವೆ, ಆದರೆ ಹಳೆಯ ಚಾಳಿಯಂತೆ ಮೇ ತಿಂಗಳ ತನಕ ತುಂಬಿಸಿಯೇ ಇಟ್ಟಿದ್ದೆ. ಎಲ್ಲದರಲ್ಲೂ ಕೋಚ್ ಹೆಸರು ಅಳಿಸಿದೆ. ಹೊಸಬರು, ಇಪ್ಪತ್ತನಾಲ್ಕನೆಯವರು, ಕೋಣೆಗೆ ಬರುವ ತನಕ ಕಾದು ಅವರ ಎದುರಿಗೇ ಬರೆದೆ.

"ಯಾಕ್ ಸಾರ್, ನನ್ನ ಹೆಸ್ರು ಮರ್ತೋಯ್ತಾ?" ಎಂದು ನಕ್ಕರು.

"ಇದೀರಾ ಅಂತ ನೋಡ್ಕೊಂಡೆ," ಎಂದೆ. ಅವರ ನಗು ನಿಂತಿತು. ತಮಾಷೆ ನನಗೆ ಕೂಡಿಬರುವುದಿಲ್ಲ.

ಮಾರ್ಚ್ 23, ಭಾನುವಾರ

ಪಟ್ಟಿಯನ್ನೂ ಕೀಲಿ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಔಷಧಿ ಅಂಗಡಿಗೆ ಹೋಗಿದ್ದಳು. ಎರಡನ್ನೂ ಭಾವನ ಮುಂದಿಟ್ಟೆ. ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಇಷ್ಟೇ: "ಭಾವ, ಮೊದಲ್ನೇ ಪಂದ್ಯ ನಿಮ್ಮದೇ."

ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ತುಂಬಾ ಹೊತ್ತು ನೋಡಿದರು. ಬೆರಳು ಆ ಎರಡು ಚುಕ್ಕೆಗಳ ಮೇಲೆ ಹೋಗಿ ನಿಂತಿತು.

"ಇದ್ಯಾರದ್ದು?"

"ನೀವೇ ಹಾಕಿದ್ದು."

"ನಾನ್ಯಾಕೆ ಹಾಕ್ಲಿ? ಬೇರೆಯವರ ಹೆಸರಲ್ಲಿ?"

"ನನ್ನ ಕೆಲಸ ಹೋಗ್ತಿತ್ತು."

ಪಟ್ಟಿಯನ್ನು ಮಡಚಿ, ನನ್ನ ಜೇಬಿಗೆ ಅವರೇ ಇಟ್ಟರು. "ಹನ್ನೊಂದೇ ಕಣಯ್ಯ," ಎಂದರು. "ನೀನು ಹೇಳಿದ್ದೇ ಸರಿ. ಹನ್ನೊಂದು."

ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರ ಬಾಯಿಂದ ಆ ಸಂಖ್ಯೆ ಬಂದಿರಲಿಲ್ಲ.

"ಹನ್ನೆರಡು ಭಾವ."

"ಹನ್ನೊಂದು ಅಂದ್ನಲ್ಲ. ಹಠ ಮಾಡ್ಬೇಡ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೊನೆಯ ಮಾತಷ್ಟೇ ಕೇಳಿಸಿಕೊಂಡಿದ್ದಳು. ಮುಖ ಅರಳಿತ್ತು. "ನೋಡ್ದ್ಯೇನೋ! ಹೊಸ ಮಾತ್ರೆ ಕೆಲಸ ಮಾಡ್ತಾ ಇದೆ!"

ಮಾರ್ಚ್ 25, ಮಂಗಳವಾರ

ಡಾಕ್ಟರ ಬಳಿ ಒಬ್ಬನೇ ಹೋದೆ. ಆ ಪಂದ್ಯ ನಡೆದದ್ದು ನಿಜ, ಅವರೇ ಆಡಿಸಿದ್ದು, ದಾಖಲೆ ತಪ್ಪು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಖಂಡಿತಾನಾ? ಆವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಿ."

"ಆವತ್ತು ದಾಖಲೆ ಗಟ್ಟಿಯಾಗಿತ್ತು."

"ಈಗ ಅವರೇನಂತಾರೆ?"

"ಹನ್ನೊಂದು ಅಂತಾರೆ."

ಡಾಕ್ಟರು ಕಡತದ ಹಿಂದಿನ ಪುಟ ತಿರುವಿದರು. "ಅಂದ್ರೆ ಅದನ್ನ ಈಗ ಮರೆತರು ಅಂತಲೋ, ಅಥವಾ..."

ಆ 'ಅಥವಾ'ದ ಮುಂದೆ ಏನಿದೆ ಎಂದು ನನಗೂ ಗೊತ್ತಿಲ್ಲ. ನನ್ನನ್ನು ಎರಡನೆಯ ಸಲ ಉಳಿಸಲು ಹೇಳಿದರೋ, ನಾವೆಲ್ಲ ಸೇರಿ ತಿದ್ದಿ ತಿದ್ದಿ ಆ ಪಂದ್ಯ ನಿಜವಾಗಿಯೂ ಅಳಿಸಿಹೋಯಿತೋ. ಮೊದಲನೆಯದಾದರೆ ಕೇಳಿದರೂ ಹೇಳುವುದಿಲ್ಲ. ಎರಡನೆಯದಾದರೆ ಕೇಳಿ ಉಪಯೋಗವಿಲ್ಲ.

ಡಾಕ್ಟರು ತಮ್ಮ ಕಡತದಲ್ಲಿ ಒಂದು ಸಾಲು ಹೊಡೆದುಹಾಕಿದರು. ಎಷ್ಟು ಸುಲಭ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಆ ಪಂದ್ಯದ ಬಗ್ಗೆ ಹೇಳಿಕೆ ಬರೆದು ಕಾರ್ಯದರ್ಶಿಯ ಕೈಗೆ ಕೊಟ್ಟೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಓದುತ್ತಾ ಓದುತ್ತಾ ಎದ್ದು ನಿಂತರು.

"ಸಾರ್, ನಿಮಗೆ ತಲೆ ನೆಟ್ಟಗಿದೆಯಾ? ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ!"

"ಹದಿಮೂರು."

"ಯಾರಾದ್ರೂ ಕೇಳಿದ್ರಾ? ಯಾರೂ ಕೇಳ್ಲಿಲ್ಲ! ನಿಮ್ಮ ಭಾವನ್ನ ಹತ್ತನೆಯವರು ಅಂತ ಸೇರಿಸಿದ್ರೆ ಅಲ್ಲಿಂದ ಈಚೆಗೆ ಎಲ್ಲರ ನಂಬರೂ ಒಂದೊಂದು ಮುಂದಕ್ಕೆ ಹೋಗತ್ತೆ. ಪುಸ್ತಕ ಅರ್ಧ ಅಚ್ಚಾಗಿದೆ." ಮತ್ತೆ ಕಾಗದ ನೋಡಿದರು. ಮುಖ ಬಿಳಿಚಿತು. "ಅಯ್ಯೋ. ಒಂಬತ್ತನೆಯವರನ್ನ ಪಂದ್ಯಕ್ಕೆ ಮೊದಲೇ ತೆಗೆದಿದ್ರು ಅಂದ್ರೆ, ಗೆದ್ದವನನ್ನ ಕಳಿಸಿದ ಮೊದಲ ಅಧ್ಯಕ್ಷರು ಯಾರಾದ್ರು?"

ಇಬ್ಬರೂ ಪಕ್ಕದ ಅಧ್ಯಕ್ಷರ ಕೋಣೆಯ ಬಾಗಿಲು ನೋಡಿದೆವು.

"ಈ ಸಹಿ," ಎಂದು ಅವರು ಮೆಲ್ಲಗೆ ಕೇಳಿದರು, "ಇದನ್ನ ಹಾಕಿದ್ದು ಯಾರು?"

"ಬರ್ದಿದೀನಲ್ಲ. ನಾನೇ."

ಹೇಳಿಕೆಯ ಐದನೆಯ ಸಾಲು ಅದು. ಕ್ಲಬ್ಬಿನ ಕಡತಗಳಲ್ಲಿ ನನ್ನ ಕೈಯಿಂದ ಹೋದ ಇಷ್ಟು ವರ್ಷದ ಕಾಗದಗಳಲ್ಲಿ ಆ ಒಂದು ಸಾಲಿಗೆ ಮಾತ್ರ ಹಿಂದೆ ಯಾವ ದಾಖಲೆಯೂ ಇಲ್ಲ. ಇರಲಿ.

ಏಪ್ರಿಲ್ 2, ಬುಧವಾರ

ನಿವೃತ್ತಿಯ ತನಕ ನನ್ನನ್ನು ಅಮಾನತಿನಲ್ಲಿ ಇಟ್ಟಿದ್ದಾರೆ. ಸಮಾರಂಭಕ್ಕೂ ಬರುವಂತಿಲ್ಲ.

ಸಮಿತಿಯ ಸಭೆಯಲ್ಲಿ ನಡೆದದ್ದನ್ನು ಕಾರ್ಯದರ್ಶಿ ಫೋನಿನಲ್ಲಿ ಹೇಳಿದರು. ಅಧ್ಯಕ್ಷರು ಮೇಜು ಗುದ್ದಿದರಂತೆ. ಹಲಗೆಯ ವಿಷಯ ಇಲ್ಲಿಗೇ ಮುಚ್ಚಬೇಕು ಎಂದರಂತೆ. ಆಗ ಮೂಲೆಯಲ್ಲಿ ಕೂತಿದ್ದ ಹಳೆಯ ಗೋಲ್‌ಕೀಪರ್ ಕೈ ಎತ್ತಿದರಂತೆ. ಅವರು ಸಮಿತಿಯ ಸದಸ್ಯರು. ಪ್ರತಿ ಸಭೆಗೆ ಬಂದಾಗಲೂ ನನ್ನ ಕೋಣೆಯಲ್ಲಿ ಟೀ ಕುಡಿದೇ ಹೋಗುವವರು. ಬಲಗೈ ಕಿರುಬೆರಳು ಸೊಟ್ಟಗಿದೆ. ಅದನ್ನು ನಾನು ನೂರಾರು ಸಲ ಲೋಟದ ಮೇಲೆ ನೋಡಿದ್ದೇನೆ.

"ಆವತ್ತು ನಾನೇ ಆಡಿದ್ದು," ಎಂದರಂತೆ. "ಒಂಬತ್ತನೆಯವರು ಬಂದೇ ಇರ್ಲಿಲ್ಲ. ಫೈಲ್ ಸಾರ್ ಭಾವನೇ ನನ್ನ ಗೋಲಿನ ಹಿಂದೆ ನಿಂತು ಗಂಟಲು ಹರಿಯೋ ಹಾಗೆ ಕೂಗ್ತಿದ್ದ. ಬೆರಳಿಗೆ ಪಟ್ಟಿ ಕಟ್ಟಿದ್ದೂ ಅವನೇ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಯಾರೋ ಕೇಳಿದರಂತೆ.

"ಯಾರು ಕೇಳಿದ್ರು? ಎಲ್ರೂ ಕಾಗದಾನೇ ಕೇಳ್ತಿದ್ರಲ್ಲ."

ಏಳು ಜನರಲ್ಲಿ ನಾಲ್ವರು ಹಲಗೆಗೆ ಒಪ್ಪಿದರಂತೆ.

ಫೋನ್ ಇಟ್ಟ ಮೇಲೆ ಕೂತಲ್ಲೇ ಕೂತಿದ್ದೆ. ಆ ಸೊಟ್ಟ ಬೆರಳು.

ಏಪ್ರಿಲ್ 12, ಶನಿವಾರ

ಪಂದ್ಯ ಇತ್ತು. ಫಲಿತಾಂಶ ಗೊತ್ತಿಲ್ಲ.

ಏಪ್ರಿಲ್ 20, ಭಾನುವಾರ

ಮಧ್ಯಾಹ್ನ ಮೂರಕ್ಕೆ ಅಕ್ಕ ಫೋನ್ ಮಾಡಿದಳು. "ಬಾರೋ ಸ್ವಲ್ಪ. ಸಮಾರಂಭದಿಂದ ಬಂದಾಗಿಂದ ಇವರು ಬಾಯಿ ಬಿಟ್ಟಿಲ್ಲ."

ಹೋದೆ. ಬಾಗಿಲಲ್ಲೇ ಅಕ್ಕ ಎಲ್ಲ ಹೇಳಿದಳು. ಹೊಸ ಸಾಲನ್ನು ಒಂಬತ್ತಕ್ಕೂ ಹಳೆಯ ಹತ್ತಕ್ಕೂ ನಡುವೆ ಇರುಕಿಸಿದ್ದರಿಂದ ಅಕ್ಷರಗಳು ಕೊಂಚ ಸಣ್ಣಗಿವೆಯಂತೆ. ಪೇಂಟರ್ ಅದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದನಂತೆ. ಭಾವ ಹಲಗೆಯ ಮುಂದೆ ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ಫೋಟೋ ತೆಗೆಯುವವರು ನಗಿ ಎಂದರೂ ನಗಲಿಲ್ಲ.

"ಆ ಪಂದ್ಯ ಇವರದ್ದೇ ಆಗಿತ್ತಲ್ಲೋ," ಎಂದಳು ಅಕ್ಕ. "ನಾನು ದಿನಾ ಬೆಳಿಗ್ಗೆ ತಿದ್ದುತ್ತಿದ್ದೆ. ಮಾತ್ರೆ ನುಂಗಿಸ್ತಾ ತಿದ್ದುತ್ತಿದ್ದೆ." ನನ್ನ ತೋಳಿಗೆ ಒಂದು ಏಟು ಹಾಕಿದಳು, ಚಿಕ್ಕವನಿದ್ದಾಗ ಹಾಕುತ್ತಿದ್ದ ಹಾಗೆ. ಆಮೇಲೆ ಅದೇ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಭಾವ ಕಿಟಕಿಯ ಪಕ್ಕ ಕೂತಿದ್ದರು. ಸಮಾರಂಭದ ಹೊಸ ಅಂಗಿ, ಮೇಲಿನ ಗುಂಡಿಯನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

ತುಂಬಾ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆಯೇ, ಕೇಳಿದರು.

"ಎಷ್ಟಯ್ಯಾ?"

"ಹನ್ನೆರಡು, ಭಾವ."

"ಇನ್ನೊಂದ್ಸಲ ಹೇಳು."

ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಮರೆತು ಕೇಳಿದರೋ, ಕೇಳಬೇಕೆನಿಸಿ ಕೇಳಿದರೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಮತ್ತೆ ಹೇಳಿದೆ. ಅಕ್ಕ ಟೀ ತಂದಿಟ್ಟು ಹೋದಳು, ಲೋಟ ತೆಗೆದುಕೊಂಡು ಹೋದಳು, ಕಿಟಕಿಯ ಬಿಸಿಲು ನೆಲದಿಂದ ಎದ್ದು ಗೋಡೆಗೆ ಹೋಯಿತು. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಎಷ್ಟು ಸಲ ಎಂದು ಎಣಿಸಲಿಲ್ಲ.